ಕೈತಪ್ಪುತ್ತಿದೆ ಎಂಬ ಭಯ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಅದರಲ್ಲಿ ಎಷ್ಟು ಸುಳ್ಳು, ಎಷ್ಟು ನಿಜ?

ಡಿಗ್ರಿ ಓದುವ ಮಕ್ಕಳ ಮನಸ್ಸಿನ ವಿಷಯ ಬಂದಾಗಲೆಲ್ಲ ನಮ್ಮ ಹಿರಿಯರ ಹತ್ತಿರ ಒಂದು ಸಲಹೆ ಸಿದ್ಧ ಇರುತ್ತದೆ: ‘ಮೊದಲು ಆ ಮೊಬೈಲ್ ಕೆಳಗಿಡು.’ ಕಾರವಾರದಲ್ಲೂ ಇದೇ ಮಾತು, ಶಿರಸಿಯಲ್ಲೂ ಇದೇ ಮಾತು. ಸಲಹೆ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದು ಅರ್ಧ ಮಾತ್ರ ಸರಿ. ಆ ಅರ್ಧವನ್ನೇ ಪೂರ್ತಿ ಅಂದುಕೊಂಡು ಮಕ್ಕಳನ್ನು ಬೈಯುತ್ತಿದ್ದೇವೆ. ನನಗೆ ಬೇಸರ ಇರುವುದು ಅದಕ್ಕೆ.

ಮಕ್ಕಳೇ ಫೋಮೋ (ಇಂಗ್ಲಿಷಿನ ‘ಫಿಯರ್ ಆಫ್ ಮಿಸ್ಸಿಂಗ್ ಔಟ್’) ಎಂದು ಕರೆಯುವ, ಏನೋ ಕೈತಪ್ಪುತ್ತಿದೆ ಎಂಬ ಈ ಭಯ ಏನು? ಬೇರೆಯವರೆಲ್ಲ ಎಲ್ಲೋ ಚೆನ್ನಾಗಿದ್ದಾರೆ, ಏನೋ ಒಳ್ಳೆಯದನ್ನು ಅನುಭವಿಸುತ್ತಿದ್ದಾರೆ, ನಾನೊಬ್ಬ ಅಲ್ಲಿಲ್ಲ ಎಂಬ ಬಿಡದ ಕಳವಳ. ಅದರ ಬೆನ್ನಿಗೇ, ಅವರು ಈಗ ಏನು ಮಾಡುತ್ತಿರಬಹುದು ಎಂದು ಮತ್ತೆ ಮತ್ತೆ ನೋಡಬೇಕೆನ್ನುವ ತವಕ. ನಮ್ಮ ಜಿಲ್ಲೆಯ ಮಕ್ಕಳಲ್ಲಿ ಈ ಕಳವಳದೊಳಗೆ ಎರಡು ಸಂಗತಿಗಳು ಕಲಸಿಹೋಗಿವೆ. ಒಂದು, ಫೋನಿನ ಪರದೆ ಹುಟ್ಟಿಸುವ ಕೊರತೆ. ಇನ್ನೊಂದು, ನಿಜವಾಗಿಯೇ ಕೈತಪ್ಪುತ್ತಿರುವ ಅವಕಾಶ. ಇವೆರಡನ್ನು ಬಿಡಿಸಿ ನೋಡದೆ ಕೊಡುವ ಸಲಹೆ ಯಾವ ಮಗುವಿಗೂ ತಾಗುವುದಿಲ್ಲ.

ಈ ಭಯವನ್ನು ಅಳೆಯಲು 2013ರಲ್ಲಿ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಪ್ರಿಜಿಬಿಲ್ಸ್ಕಿ ಮತ್ತು ಸಂಗಡಿಗರು 10 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದರು. ಗೆಳೆಯರು ನನ್ನನ್ನು ಬಿಟ್ಟು ಖುಷಿಯಾಗಿದ್ದಾರೆ ಎಂದು ಗೊತ್ತಾದರೆ ಕಳವಳ ಆಗುತ್ತದೆಯೇ ಎನ್ನುವಂಥ ವಾಕ್ಯಗಳು. ಎಷ್ಟು ನಿಜ ಎಂದು 1ರಿಂದ 5ರವರೆಗೆ ಅಂಕ ಹಾಕಬೇಕು. ಅವರ ಅಧ್ಯಯನದಲ್ಲಿ ನನಗೆ ಮುಖ್ಯ ಅನಿಸಿದ್ದು ಅಂಕಗಳಲ್ಲ, ಅದರ ಹಿಂದಿನ ವಿಚಾರ. ಮನುಷ್ಯನಿಗೆ ಮೂರು ಬೇಕು: ನನ್ನ ಬದುಕು ನನ್ನ ಕೈಯಲ್ಲಿದೆ ಎಂಬ ಭಾವ, ನನಗೆ ಏನೋ ಒಂದು ಚೆನ್ನಾಗಿ ಬರುತ್ತದೆ ಎಂಬ ಧೈರ್ಯ, ನನ್ನವರು ಅನ್ನುವ ಜನ. ಈ ಮೂರು ಯಾರಿಗೆ ಕಡಿಮೆ ಸಿಕ್ಕಿದೆಯೋ ಅವರಲ್ಲಿ ಈ ಭಯ ಜಾಸ್ತಿ ಕಂಡಿತು. ಅಂಥವರೇ ಸಾಮಾಜಿಕ ಜಾಲತಾಣಗಳನ್ನೂ ಜಾಸ್ತಿ ಬಳಸುತ್ತಿದ್ದರು. ಅಂದರೆ ಫೋನು ಖಾಲಿ ಮನಸ್ಸಿನೊಳಗೆ ಸುಮ್ನೆ ನುಗ್ಗಿದ್ದಲ್ಲ. ಮೊದಲೇ ಅಲ್ಲೊಂದು ಹಸಿವು ಇತ್ತು.

ಈ ಭಯಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಮಾತು ಸ್ವಾಭಿಮಾನ. ನಮ್ಮ ಮಾತಿನಲ್ಲಿ ಸ್ವಾಭಿಮಾನ ಎಂದರೆ ಯಾರ ಮುಂದೂ ತಲೆ ತಗ್ಗಿಸದಿರುವುದು. ಇಲ್ಲಿ ನಾನು ಹೇಳುತ್ತಿರುವುದು ಅದಕ್ಕಿಂತ ಸಾದಾ ಸಂಗತಿ: ನನ್ನನ್ನು ನಾನು ಎಷ್ಟರಮಟ್ಟಿಗೆ ಒಪ್ಪಿಕೊಂಡಿದ್ದೇನೆ ಎಂಬುದು. ಅಮೆರಿಕದ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಇದನ್ನು ಅಳೆಯಲು ಮಾಡಿದ 10 ವಾಕ್ಯಗಳ ಅಳತೆ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಅಂಕದ ಬಗ್ಗೆ, ಬಣ್ಣದ ಬಗ್ಗೆ, ದುಡ್ಡಿನ ಬಗ್ಗೆ ಒಂದು ಮಾತೂ ಇಲ್ಲ. ನನಗೂ ಬೆಲೆ ಇದೆ, ಕನಿಷ್ಠ ಉಳಿದವರಷ್ಟಾದರೂ ಇದೆ ಅನಿಸುತ್ತದೆಯೇ ಎಂದು ಅದು ಕೇಳುತ್ತದೆ. ‘ಉಳಿದವರಷ್ಟು’ ಅನ್ನುವಲ್ಲೇ ಹೋಲಿಕೆ ಕೂತಿದೆ ನೋಡಿ. ನಮ್ಮ ಬೆಲೆಯನ್ನು ನಾವು ಒಬ್ಬರೇ ಕೂತು ನಿರ್ಧರಿಸುವುದಿಲ್ಲ. ಸುತ್ತಲಿನವರನ್ನು ನೋಡಿಯೇ ನಿರ್ಧರಿಸುತ್ತೇವೆ.

ತನ್ನ ಬಗ್ಗೆ ಕೀಳರಿಮೆ ಇರುವವರಲ್ಲಿ ಈ ಭಯ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಒಂದೇ ಸಲ ಪ್ರಶ್ನೆ ಕೇಳಿ ಮುಗಿಸುವ ಅಧ್ಯಯನದಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಬರುವುದಿಲ್ಲ. ಒಂದನ್ನೊಂದು ಬೆಳೆಸುತ್ತವೆ ಅನ್ನುವುದೇ ಸರಿಯೇನೋ.

ಫೋನಿಗೆ ಮುಂಚೆ ಈ ಭಯ ಇರಲಿಲ್ಲವೇ? ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೋಗಲಾಗದೆ ಮನೆಯಲ್ಲಿ ಉಳಿದ ಮಗುವನ್ನು ಕೇಳಿ. ಊರವರೆಲ್ಲ ತೊಟ್ಟಿಲು ಹತ್ತಿ, ನಾಟಕ ನೋಡಿ, ಬಳೆ ಕೊಂಡು ಬಂದಾಗ ಅದರ ಹೊಟ್ಟೆಯೊಳಗೆ ಆಗುತ್ತಿದ್ದ ಸಂಕಟವೂ ಇದೇ. ಆದರೆ ಜಾತ್ರೆ ಮುಗಿಯುತ್ತಿತ್ತು. ಗದ್ದುಗೆಯಿಂದ ದೇವಿ ಎದ್ದ ಮೇಲೆ ಅಂಗಡಿಗಳೂ ಏಳುತ್ತಿದ್ದವು, ಸಂಕಟವೂ ಇಳಿಯುತ್ತಿತ್ತು. ಫೋನಿನೊಳಗಿನ ಜಾತ್ರೆಗೆ ಮುಗಿಯುವ ದಿನವೇ ಇಲ್ಲ.

ಈ ಫೋನಿನ ಜಾತ್ರೆಗೆ ಬೇಕಾದ್ದೆಲ್ಲ ಒಂದೇ ಹೊತ್ತಿನಲ್ಲಿ ಬಂತು ಅನ್ನುವುದನ್ನೂ ಗಮನಿಸಬೇಕು. ಇನ್‌ಸ್ಟಾಗ್ರಾಂ ಸ್ಟೋರಿ ಶುರುವಾಗಿದ್ದು 2016ರ ಆಗಸ್ಟ್‌ನಲ್ಲಿ. ಜಿಯೋ ಬಂದಿದ್ದು ಮರುತಿಂಗಳು. ವಾಟ್ಸಾಪ್ ಸ್ಟೇಟಸ್ ಈಗಿನ ರೂಪಕ್ಕೆ ಬಂದಿದ್ದು 2017ರ ಫೆಬ್ರವರಿಯಲ್ಲಿ. ಆರೇಳು ತಿಂಗಳಲ್ಲಿ ಅಗ್ಗದ ಡೇಟಾ ಮತ್ತು ‘ನನ್ನ ಇವತ್ತಿನ ದಿನ ನೋಡಿ’ ಎನ್ನುವ ಸೌಲಭ್ಯ ಎರಡೂ ಕೈಗೆ ಬಂದವು. ಇವತ್ತು ಡಿಗ್ರಿಯಲ್ಲಿರುವವರು ಆಗ ಪ್ರಾಥಮಿಕ ಶಾಲೆಯ ಮಕ್ಕಳು. ಇದಿಲ್ಲದ ಬದುಕು ಹೇಗಿತ್ತು ಎಂಬ ನೆನಪೇ ಅವರಿಗೆ ಸರಿಯಾಗಿ ಇಲ್ಲ.

ಹೋಲಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ನಾವು ನಮ್ಮಂಥವರ ಜೊತೆಗೇ ಹೋಲಿಸಿಕೊಳ್ಳುತ್ತೇವೆ ಎಂಬುದು ಅವರ ಮುಖ್ಯ ಮಾತು. ಸಿನಿಮಾ ನಟನ ಬಂಗಲೆ ನೋಡಿ ಕುಮಟಾದ ಹುಡುಗನಿಗೆ ಸಂಕಟ ಆಗುವುದಿಲ್ಲ. ಪಿಯುಸಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದವನು ಬೆಂಗಳೂರಿನ ಕಾಲೇಜು ಫೆಸ್ಟ್‌ನಲ್ಲಿ ಕುಣಿಯುವ ಹತ್ತು ಸೆಕೆಂಡಿನ ವಿಡಿಯೊ ಮಾತ್ರ ನೇರ ಎದೆಗೆ ನಾಟುತ್ತದೆ. ನಮ್ಮ ಜಿಲ್ಲೆಯಲ್ಲಿ ಪಿಯುಸಿ ಮುಗಿಯಿತು ಅಂದರೆ ತರಗತಿ ಚದುರುತ್ತದೆ. ಒಬ್ಬಳು ಮಂಗಳೂರಿಗೆ, ಒಬ್ಬ ಹುಬ್ಬಳ್ಳಿಗೆ, ನಾಲ್ಕು ಜನ ಬೆಂಗಳೂರಿಗೆ. ಉಳಿದವರು ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿಯ ಕಾಲೇಜುಗಳಿಗೆ. ಒಂದೇ ಬೆಂಚು, ಹೆಚ್ಚುಕಡಿಮೆ ಒಂದೇ ಅಂಕ, ಒಂದೇ ಊರು. ಈಗ ಬೇರೆ ಬೇರೆ ಬದುಕು. ಹೋಲಿಕೆಗೆ ಇದಕ್ಕಿಂತ ಹದವಾದ ನೆಲ ಇನ್ನೊಂದಿಲ್ಲ.

ಆದರೆ ಆ ಸ್ಟೇಟಸ್‌ನಲ್ಲಿ ಏನು ಕಾಣುವುದಿಲ್ಲ ಅನ್ನುವುದೂ ಮುಖ್ಯ. ಕಾಲೇಜು ವಿದ್ಯಾರ್ಥಿಗಳ ಮೇಲೆ ಅಲೆಕ್ಸಾಂಡರ್ ಜೋರ್ಡಾನ್ ಮತ್ತು ಸಂಗಡಿಗರು ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ಜೊತೆಯವರಿಗೆ ಎಷ್ಟು ಬೇಸರ, ಎಷ್ಟು ಸೋಲು ಆಗುತ್ತಿದೆ ಎಂದು ಊಹಿಸುವಾಗ ವಿದ್ಯಾರ್ಥಿಗಳು ನಿಜಕ್ಕಿಂತ ಕಡಿಮೆ ಊಹಿಸುತ್ತಿದ್ದರು. ಕಾರಣ ಸರಳ. ಜನ ಅಳುವುದು ಬಾಗಿಲು ಹಾಕಿಕೊಂಡು. ಬೆಂಗಳೂರಿನ ಪಿಜಿಯಲ್ಲಿ ನಾಲ್ಕು ಜನ ಹಂಚಿಕೊಂಡ ಕೋಣೆಯಲ್ಲಿ, ತಣ್ಣಗಾದ ಅನ್ನ ತಿನ್ನುತ್ತ, ಅಂಕೋಲೆಯ ಬಂಡಿ ಹಬ್ಬದ ಸ್ಟೇಟಸ್ ನೋಡಿ ಕಣ್ಣು ಒರೆಸಿಕೊಳ್ಳುವ ಹುಡುಗಿ ಅದರ ಫೋಟೊ ಹಾಕುವುದಿಲ್ಲ. ಊರಿನಲ್ಲಿ ಉಳಿದವಳು ಇವಳನ್ನು ನೋಡಿ ಕರುಬುತ್ತಾಳೆ. ಇವಳು ಅವಳ ಮನೆಯಂಗಳದ ಯಕ್ಷಗಾನದ ವಿಡಿಯೊ ನೋಡಿ ಕರುಬುತ್ತಾಳೆ. ಇಬ್ಬರಿಗೂ ಮತ್ತೊಬ್ಬರ ಅರ್ಧ ದಿನ ಮಾತ್ರ ಕಾಣುತ್ತಿದೆ.

ಇದರ ಮೇಲೆ ಒಂದು ಗಣಿತದ ವಿಚಿತ್ರವೂ ಇದೆ. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ತೋರಿಸಿದ್ದು. ಬಹಳಷ್ಟು ಜನರಿಗೆ, ತಮ್ಮ ಗೆಳೆಯರಿಗೆ ತಮಗಿಂತ ಜಾಸ್ತಿ ಗೆಳೆಯರಿರುತ್ತಾರೆ. ಹೇಗೆ ಅಂದರೆ, ತರಗತಿಯಲ್ಲಿ 30 ಗೆಳೆಯರಿರುವವನು 30 ಜನರ ಪಟ್ಟಿಯಲ್ಲಿ ಇರುತ್ತಾನೆ. 3 ಗೆಳೆಯರಿರುವವನು ಮೂರೇ ಜನರ ಪಟ್ಟಿಯಲ್ಲಿ. ಹಾಗಾಗಿ ಯಾರ ಪಟ್ಟಿ ತೆರೆದರೂ 30ರವನು ಎದುರಾಗುವುದೇ ಜಾಸ್ತಿ. ನಿಮಗೆ ಮಾತ್ರ ಜನ ಕಡಿಮೆ ಅಂತಲ್ಲ. ಎಣಿಕೆಯೇ ಹಾಗೆ ಬೀಳುತ್ತದೆ. ಮೊದಲ ವರ್ಷದ ಮಕ್ಕಳಿಗೆ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕು ಎಂದು ನನಗೆ ಬಹಳ ಅನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪರದೆ ಹುಟ್ಟಿಸುವ ಕೊರತೆ. ಇನ್ನೊಂದು ಬಗೆಯದನ್ನು ನೋಡೋಣ.

ಶಿರಸಿಯ ಕಾಲೇಜಿಗೆ ಬಂಡಲದ ಆಚೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಎಂದುಕೊಳ್ಳಿ. ಮೂರೂವರೆಗೆ ತರಗತಿ ಬಿಟ್ಟಿತು. ನಾಲ್ಕರ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಓಡಿ ಹೋಗಿ ಹತ್ತುತ್ತಾಳೆ. ಬಸ್ಸು ಪೇಟೆ ದಾಟಿ ಕಾಡಿನ ರಸ್ತೆಗೆ ಇಳಿದ ಮೇಲೆ ನೆಟ್‌ವರ್ಕ್ ಇಲ್ಲ. ಅಷ್ಟರಲ್ಲಿ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಿದ್ದಿದೆ: ಕಂಪನಿಯೊಂದು ಇಂಟರ್ನ್‌ಶಿಪ್‌ಗೆ ಹೆಸರು ಕೇಳಿದೆ, ಆಸಕ್ತರು ಸಂಜೆ 6ರೊಳಗೆ ಗೂಗಲ್ ಫಾರಂ ತುಂಬಬೇಕು. ಇವಳು ಇಳಿದು, ತೋಟದ ದಾರಿಯಲ್ಲಿ ನಡೆದು, ಮನೆ ತಲುಪಿ, ಕೈಕಾಲು ತೊಳೆದು, ನೆಟ್‌ವರ್ಕ್ ಸಿಗುವ ಒಂದೇ ಜಾಗವಾದ ಕೊಟ್ಟಿಗೆಯ ಮೂಲೆಗೆ ಬಂದು ನಿಂತಾಗ ಗಂಟೆ ಏಳಾಗಿದೆ. ಫೋನು ಒಂದೇ ಸಲ ಮೂವತ್ತು ಸಂದೇಶ ಸುರಿಯುತ್ತದೆ. ಫಾರಂ ತೆರೆದರೆ, ಇನ್ನು ಉತ್ತರ ಸ್ವೀಕರಿಸುವುದಿಲ್ಲ ಎಂಬ ಸಾಲು. ಒಳಗಿನಿಂದ ಅಮ್ಮ ಕೂಗುತ್ತಾಳೆ: ‘ತಂಗೀ, ಬಂದಕೂಡ್ಲೆ ಫೋನು ಹಿಡ್ಕಂಡು ನಿಂತ್ಯನೇ?’

ಈ ಹುಡುಗಿಗೆ ಕೈತಪ್ಪುವ ಭಯ ಇದೆ ಎಂದು ಯಾರಾದರೂ ಹೇಳಿದರೆ, ಹೌದು, ಇದೆ. ಯಾಕೆಂದರೆ ಕೈತಪ್ಪಿದೆ. ಅವಳು ಮರುದಿನ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಪಾಠದ ನಡುವೆ ಫೋನು ನೋಡುತ್ತಲೇ ಇರುತ್ತಾಳೆ. ಅದನ್ನು ಚಟ ಅನ್ನುತ್ತೇವೆ. ನನಗೆ ಅದು ಎಚ್ಚರಿಕೆಯ ಹಾಗೆ ಕಾಣುತ್ತದೆ. ಲಾಕ್‌ಡೌನ್ ಕಾಲದಲ್ಲಿ ಈ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿ, ಮರ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ್ದು ಎಲ್ಲರಿಗೂ ನೆನಪಿದೆ. ಸಿಗ್ನಲ್ ಇಲ್ಲದಿದ್ದರೆ ಪಾಠವೇ ಇಲ್ಲ ಎಂದು ಅವರಿಗೆ ಕಲಿಸಿದವರು ನಾವೇ. ಈಗ ಅದೇ ಮಕ್ಕಳಿಗೆ ಫೋನು ದೂರ ಇಡು ಎಂದರೆ ಹೇಗೆ?

ಇಂಟರ್ನ್‌ಶಿಪ್ ಒಂದೇ ಅಲ್ಲ. ನಾಟಕದ ತಾಲೀಮು, ಕಬಡ್ಡಿ ಅಭ್ಯಾಸ, ಕ್ಯಾಂಟೀನ್ ಕಟ್ಟೆಯ ಹರಟೆ ಎಲ್ಲವೂ ನಾಲ್ಕು ಗಂಟೆಯ ಮೇಲೆ ನಡೆಯುವಂಥವು. ಗೆಳೆತನ ಬೆಳೆಯುವುದೂ ಆ ಹೊತ್ತಿನಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿತು. ಇದು ದೊಡ್ಡ ಮಾತೇ. ಆದರೆ ಟಿಕೆಟ್ ಉಚಿತ ಆದ ಮಾತ್ರಕ್ಕೆ ಕೊನೆಯ ಬಸ್ಸು ತಡವಾಗಿ ಹೊರಡುವುದಿಲ್ಲ. ಜೋಯಿಡಾದ ಒಳಗಿನವರಿಗೆ, ಘಟ್ಟದ ಬುಡದ ಹಳ್ಳಿಗಳವರಿಗೆ ಕಾಲೇಜು ಅಂದರೆ ಈಗಲೂ ತರಗತಿ ಮತ್ತು ಬಸ್‌ಸ್ಟ್ಯಾಂಡ್ ಎರಡೇ.

ಸ್ವಾಭಿಮಾನಕ್ಕೆ ಇಲ್ಲಿ ಪೆಟ್ಟು ಬೀಳುವ ದಾರಿಯನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ಲಿಯರಿ 1995ರಲ್ಲಿ ಸಂಗಡಿಗರೊಂದಿಗೆ ಮಂಡಿಸಿದ ವಿಚಾರ ಚೆನ್ನಾಗಿ ತೋರಿಸುತ್ತದೆ. ಅವರ ಪ್ರಕಾರ ನನ್ನ ಬಗ್ಗೆ ನನಗಿರುವ ಭಾವನೆ ಒಂದು ಮಾಪಕ. ಜನ ನನ್ನನ್ನು ಒಳಗೆ ಸೇರಿಸಿಕೊಂಡಿದ್ದಾರೋ ಹೊರಗೆ ಇಟ್ಟಿದ್ದಾರೋ ಎಂಬುದನ್ನು ಅದು ತೋರಿಸುತ್ತಿರುತ್ತದೆ. ಹಾಗಿದ್ದರೆ ಮುಳ್ಳು ಕೆಳಗಿಳಿದಾಗ ಮಾಪಕವನ್ನು ಬೈದು ಪ್ರಯೋಜನ ಇಲ್ಲ. ಮಗು ಎಲ್ಲಿ ಹೊರಗುಳಿಯುತ್ತಿದೆ ಎಂದು ಹುಡುಕಬೇಕು.

ಹೊರಗುಳಿಯುವ ಜಾಗಗಳು ನಮ್ಮಲ್ಲಿ ಕಡಿಮೆ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಬಿಎಸ್ಸಿ ಮೊದಲ ವರ್ಷದಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತುವುದಿಲ್ಲ. ಹಾಸ್ಟೆಲ್ಲಿನವರಿಗೂ ಮನೆಯಿಂದ ಬರುವವರಿಗೂ ನಡುವೆ ಒಂದು ಗೆರೆ. ಜಾತಿಯ ಗೆರೆ ಅದಕ್ಕಿಂತ ಹಳೆಯದು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಮಕ್ಕಳು ಬಸ್ಸಿನಲ್ಲಿ, ಪೇಟೆಯಲ್ಲಿ ಎದುರಿಸುವ ನೋಟ ಫೋನಿನಿಂದ ಬಂದಿದ್ದಲ್ಲ.

ಎಲ್ಲಕ್ಕಿಂತ ಆಳವಾದ ಗೆರೆ ಯಾವುದು ಎಂದು ಕೇಳಿದರೆ, ಊರಲ್ಲಿ ಉಳಿದವರು ಮತ್ತು ಊರು ಬಿಟ್ಟವರು ಎಂದು ನಾನು ಹೇಳುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಕೂತವನಿಗೆ ಬರುವ ಮೊದಲ ಪ್ರಶ್ನೆ: ‘ಎಲ್ಲಿದ್ದೆ ತಮಾ ಈಗ? ಬೆಂಗ್ಳೂರ?’ ಅಲ್ಲ, ಇಲ್ಲೇ ಎಂದರೆ ಕೇಳಿದವರು ‘ಹೌದಾ’ ಎಂದು ಪಕ್ಕದವನ ಕಡೆ ತಿರುಗುತ್ತಾರೆ. ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಅನ್ನುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಮನೆಯ ಮಾತು. ಅಡಿಕೆ ತೋಟ, ಮನೆ, ಹಾಲು ಕರೆಯುವ ಹಸು ಎಲ್ಲ ಇದ್ದೂ ಅವನು ಸೋತವರ ಲೆಕ್ಕಕ್ಕೆ ಸೇರುತ್ತಾನೆ. ಕರಾವಳಿಯಲ್ಲೂ ಬೇರೆ ರೂಪದಲ್ಲಿ ಇದೇ ಕಥೆ. ಗೋವಾಕ್ಕೋ ಕೊಲ್ಲಿ ದೇಶಕ್ಕೋ ಹೋದವನಿಗೆ ಒಂದು ಮರ್ಯಾದೆ, ದೋಣಿ ಹತ್ತುವವನಿಗೆ ಇನ್ನೊಂದು. ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ಮೊದಲೇ ಈ ಅಳತೆಗೋಲು ನಮ್ಮ ಜಗಲಿಯ ಮೇಲಿತ್ತು. ‘ಅವರ ಮನೆ ಮಾಣಿ ನೋಡು’ ಎಂಬ ಮಾತನ್ನು ಮಗು ಹುಟ್ಟಿದಂದಿನಿಂದ ಕೇಳಿದೆ. ಫೋನು ಅದೇ ಮಾತನ್ನು ದಿನಕ್ಕೆ ನೂರು ಸಲ ಹೇಳುತ್ತದೆ, ಅಷ್ಟೇ.

ಮನಶ್ಶಾಸ್ತ್ರಜ್ಞರಾದ ಜೆನ್ನಿಫರ್ ಕ್ರಾಕರ್ ಮತ್ತು ಕಾನಿ ವೂಲ್ಫ್ 2001ರಲ್ಲಿ ಬರೆದಿದ್ದು ಇಲ್ಲಿಗೆ ಹೊಂದುತ್ತದೆ. ಪ್ರತಿಯೊಬ್ಬರೂ ತಮ್ಮ ಬೆಲೆಯನ್ನು ಯಾವುದೋ ಕೆಲವು ವಿಷಯಗಳ ಮೇಲೆ ನಿಲ್ಲಿಸಿರುತ್ತಾರೆ ಎನ್ನುತ್ತಾರೆ ಅವರು. ಒಬ್ಬರಿಗೆ ಓದು, ಒಬ್ಬರಿಗೆ ರೂಪ, ಒಬ್ಬರಿಗೆ ಜನರ ಮೆಚ್ಚುಗೆ, ಒಬ್ಬರಿಗೆ ಮನೆಯವರ ಪ್ರೀತಿ. ನಮ್ಮ ಮಕ್ಕಳಿಗೆ ನಾವು ನಿಲ್ಲಲು ಕೊಟ್ಟಿರುವುದು ಒಂದೇ ಕಂಬ: ಹೊರಗೆ ಹೋಗಿ ಸಂಬಳ ತರುವುದು. ಅದು ಅಲುಗಿದರೆ ಎಲ್ಲ ಅಲುಗುತ್ತದೆ.

ಬೇರೆ ಕಂಬಗಳು ಇಲ್ಲವೇ? ಇವೆ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಬೈತಖೋಲದ ಮೀನುಗಾರರ ಮನೆಯ ಹುಡುಗನೊಬ್ಬ ಅಂಥ ತರಗತಿಯಲ್ಲಿ ಕೂತರೆ, ಬಂಗಡೆ ಯಾವಾಗ ದಡಕ್ಕೆ ಬರುತ್ತದೆ, ತಾರ್ಲೆ ಯಾವ ವರ್ಷ ಕೈಕೊಟ್ಟಿತು, ಇಸ್ವಣಕ್ಕೆ ಯಾವ ಬಲೆ ಎಂದು ಹೇಳಬಲ್ಲ. ಪುಸ್ತಕದಲ್ಲಿ ಬಂಗಡೆಯ ಹೆಸರು ರಾಸ್ಟ್ರೆಲಿಗರ್ ಕನಗುರ್ಟ. ಆ ಹೆಸರು ಬಾಯಿಗೆ ಬರದೆ ಅವನು ತಲೆ ತಗ್ಗಿಸಿ ಕೂತಿರುತ್ತಾನೆ. ಮೇಷ್ಟ್ರು ಮೊದಲು ‘ನಿಮ್ಮಲ್ಲಿ ಇದಕ್ಕೆ ಏನಂತಾರೆ, ಯಾವಾಗ ಸಿಗುತ್ತೆ?’ ಎಂದು ಅವನನ್ನೇ ಕೇಳಿ, ಆಮೇಲೆ ಲ್ಯಾಟಿನ್ ಹೆಸರು ಬರೆದರೆ ಪಾಠವೂ ಗಟ್ಟಿಯಾಗುತ್ತದೆ, ಹುಡುಗನೂ ಬೆನ್ನು ನೇರ ಮಾಡಿ ಕೂರುತ್ತಾನೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ, ಸಸ್ಯಶಾಸ್ತ್ರದ ತರಗತಿಗಳಲ್ಲಿ, ಕನ್ನಡ ಎಂಎಯಲ್ಲಿ ಇಂಥ ಅವಕಾಶ ದಿನವೂ ಇದೆ. ಬರೀ ಹೊಗಳಿಕೆಯಿಂದ ಸ್ವಾಭಿಮಾನ ಬೆಳೆಯುವುದಿಲ್ಲ. ನನಗೆ ಬರುವುದನ್ನು ನಾಲ್ಕು ಜನರ ಮುಂದೆ ಬಳಸಿ, ಅದು ಕೆಲಸಕ್ಕೆ ಬಂತು ಎಂದು ಕಂಡಾಗ ಬೆಳೆಯುತ್ತದೆ.

‘ನಿನ್ನ ಊರೇ ಸ್ವರ್ಗ, ಸಮುದ್ರ ಇದೆ, ಜಲಪಾತ ಇದೆ, ಇನ್ನೇನು ಬೇಕು’ ಎಂಬ ಸಮಾಧಾನವನ್ನು ಮಾತ್ರ ದಯವಿಟ್ಟು ಯಾರೂ ಹೇಳಬೇಡಿ. ಇಪ್ಪತ್ತರ ವಯಸ್ಸಿನವರಿಗೆ ಕೆಲಸ ಬೇಕು, ಜನ ಬೇಕು, ಜಗತ್ತು ನೋಡಬೇಕು. ಅದು ದುರಾಸೆ ಅಲ್ಲ.

ಹಾಗಾದರೆ ಫೋನು ಕಡಿಮೆ ಮಾಡುವುದರಿಂದ ಪ್ರಯೋಜನ ಇಲ್ಲವೇ? ಇದೆ, ಆದರೆ ಎಷ್ಟು ಎಂದು ಸರಿಯಾಗಿ ತಿಳಿಯಬೇಕು. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ ಮತ್ತು ಸಂಗಡಿಗರು 143 ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನಾಪ್‌ಚಾಟ್ ದಿನಕ್ಕೆ ತಲಾ 10 ನಿಮಿಷ ಮಾತ್ರ. ಇನ್ನೊಂದು ಗುಂಪು ಎಂದಿನಂತೆ. ಮೂರು ವಾರಗಳ ನಂತರ ಕಡಿಮೆ ಬಳಸಿದವರಲ್ಲಿ ಒಂಟಿತನ ಇಳಿದಿತ್ತು. ಮೊದಲೇ ಖಿನ್ನತೆ ಜಾಸ್ತಿ ಇದ್ದವರಲ್ಲಿ ಅದೂ ಇಳಿದಿತ್ತು. ಕೈತಪ್ಪುವ ಭಯ ಮಾತ್ರ ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು. ತಾವು ಎಷ್ಟು ಹೊತ್ತು ನೋಡುತ್ತಿದ್ದೇವೆ ಎಂದು ಗಮನಿಸತೊಡಗಿದ್ದೇ ಸಾಕಾಗಿರಬಹುದು ಎಂದು ಸಂಶೋಧಕರು ಅಂದಾಜು ಮಾಡಿದರು. ಸ್ವಾಭಿಮಾನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಈ ಕೊನೆಯ ಸಂಗತಿಯನ್ನು ನಾನು ಬಹಳ ಮುಖ್ಯ ಎಂದುಕೊಳ್ಳುತ್ತೇನೆ. ಮೂರು ವಾರ ಸಣ್ಣ ಅವಧಿ, ಅದು ಬೇರೆ ದೇಶ, ನಿಜ. ಆದರೂ ನೋವು ಕಡಿಮೆಯಾಗುವುದು ಬೇರೆ, ನನಗೂ ಬೆಲೆ ಇದೆ ಅನಿಸುವುದು ಬೇರೆ ಎಂದು ಅದು ಹೇಳುತ್ತದೆ. ಫೋನು ಬದಿಗಿಟ್ಟರೆ ಸಂಕಟ ಸ್ವಲ್ಪ ಇಳಿಯುತ್ತದೆ. ಖಾಲಿಯಾದ ಜಾಗದಲ್ಲಿ ಜನ ಮತ್ತು ಕೆಲಸ ಬರದಿದ್ದರೆ ಮನಸ್ಸು ಎದ್ದು ನಿಲ್ಲುವುದಿಲ್ಲ.

ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟು. ಸಂಕಟ ಆದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನನಗೆ ನಿಜವಾಗಿ ಬೇಕಿತ್ತಾ, ಅಥವಾ ಅವರ ಹತ್ತಿರ ಇದೆ ಎಂದು ಮಾತ್ರ ಬೇಕೆನಿಸಿತಾ? ಬೇಕಿದ್ದರೆ ಅದನ್ನು ಒಂದು ಕೆಲಸವಾಗಿ ಬರೆದಿಟ್ಟುಕೊಳ್ಳಿ: ಯಾರನ್ನು ಕೇಳಬೇಕು, ಯಾವ ತಾರೀಕಿನೊಳಗೆ. ಬೇಡವಾಗಿದ್ದರೆ ಆ ಖಾತೆಯನ್ನು ಮ್ಯೂಟ್ ಮಾಡಿ. ಗೆಳೆಯನಿಗೆ ಅದು ಗೊತ್ತಾಗುವುದಿಲ್ಲ, ಗೆಳೆತನವೂ ಹೋಗುವುದಿಲ್ಲ. ವಾರಕ್ಕೊಮ್ಮೆ ಅವನಿಗೆ ಫೋನ್ ಮಾಡಿ ಮಾತಾಡಿ. ಸ್ಟೇಟಸ್‌ನಲ್ಲಿ ಕಾಣದ ಇನ್ನರ್ಧ ದಿನ ಅಲ್ಲಿ ಕೇಳಿಸುತ್ತದೆ.

ನಿದ್ದೆ ಬಿಟ್ಟುಹೋಗಿದೆ, ಊಟ ಸೇರುತ್ತಿಲ್ಲ, ತರಗತಿಗೆ ಹೋಗಲು ಮನಸ್ಸಿಲ್ಲ, ಎರಡು ವಾರದಿಂದ ಹೀಗೇ ಇದೆ, ಬದುಕೇ ಬೇಡ ಅನಿಸುತ್ತಿದೆ ಎಂದಾದರೆ ಇದು ಫೋಮೋ ಎಂದು ಬಿಟ್ಟುಬಿಡುವ ಮಾತಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಫೋನು ಬಿಡಲಾಗದ ತೊಂದರೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಷಟ್ ಕ್ಲಿನಿಕ್ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ನಿರ್ದೇಶನದ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ನಿಮ್ಮ ಕಾಲೇಜಿನಲ್ಲಿ ಅವರು ಯಾರು, ಯಾವ ಕೋಣೆಯಲ್ಲಿ ಸಿಗುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು.

ಕಾಲೇಜುಗಳು ಮಾಡಬಹುದಾದ ಕೆಲಸಗಳಿಗೆ ದೊಡ್ಡ ದುಡ್ಡು ಬೇಡ. ಯಾವ ಅರ್ಜಿಗೂ ಕನಿಷ್ಠ ಎರಡು ದಿನದ ಗಡುವು ಇರಲಿ. ಹೊರಗಿನ ಕಂಪನಿ ಅವಸರ ಮಾಡಿದರೆ, ನಮ್ಮ ಮಕ್ಕಳಿಗೆ ನೆಟ್‌ವರ್ಕ್ ಇಲ್ಲ ಎಂದು ಪ್ಲೇಸ್‌ಮೆಂಟ್ ನೋಡುವ ಉಪನ್ಯಾಸಕರೇ ಹೇಳಿ ಒಂದು ದಿನ ಕೇಳಲಿ. ವಾಟ್ಸಾಪ್‌ಗೆ ಹಾಕಿದ್ದನ್ನು ಮರುದಿನ ಬೆಳಿಗ್ಗೆ ನೋಟಿಸ್ ಬೋರ್ಡಿಗೂ ಹಾಕಲಿ, ಮೊದಲ ತರಗತಿಯಲ್ಲಿ ಓದಿಯೂ ಹೇಳಲಿ. ವಾರದಲ್ಲಿ ಎರಡು ದಿನ ಮಧ್ಯಾಹ್ನದ ಒಂದು ಅವಧಿಯನ್ನು ನಾಟಕಕ್ಕೆ, ಆಟಕ್ಕೆ, ಸಂಘಗಳ ಕೆಲಸಕ್ಕೆ ಮೀಸಲಿಟ್ಟರೆ ನಾಲ್ಕರ ಬಸ್ಸಿನವರೂ ಅದರಲ್ಲಿ ಇರುತ್ತಾರೆ. ಯಾವ ಊರಿಗೆ ಎಷ್ಟು ಮಕ್ಕಳು, ಯಾವ ಬಸ್ಸಿಗೆ ಹೋಗುತ್ತಾರೆ ಎಂದು ತರಗತಿ ಪ್ರತಿನಿಧಿಗಳು ಒಂದು ಮಧ್ಯಾಹ್ನದಲ್ಲಿ ಬರೆದು ಕೊಡಬಲ್ಲರು. ಆ ಪಟ್ಟಿಯ ಜೊತೆ ಪ್ರಾಂಶುಪಾಲರ ಪತ್ರ ಸಾರಿಗೆ ಸಂಸ್ಥೆಯ ಶಿರಸಿ ವಿಭಾಗಕ್ಕೆ ಹೋಗಲಿ. ಸಂಜೆ ಒಂದು ಬಸ್ಸು ಐದೂವರೆಗೆ ಹೊರಡುವಂತಾದರೆ ಎಷ್ಟು ಮಕ್ಕಳಿಗೆ ಎಷ್ಟು ಹೊತ್ತು ಕಾಲೇಜಿನಲ್ಲಿ ಉಳಿಯಲು ಆಗುತ್ತದೆ ಎಂಬ ಲೆಕ್ಕವೂ ಅದರಲ್ಲೇ ಇರಲಿ.